ಬಿಸಿ ತಿಳಿಯದ ಕೈ

ಬಾಣಂತನದ ಕೆಲಸ ಕಲಿಯಬೇಕೆಂದು ಆಸ್ಟಿನ್ನಿನ ಇಬ್ಬರು ಹೆಂಗಸರು ಈಚೆಗೆ ನನ್ನ ಹತ್ತಿರ ಬರುತ್ತಿದ್ದಾರೆ. ಒಂದೇ ಮಾತನ್ನು ಹತ್ತು ಸಲ ಕೇಳುತ್ತಾರೆ. ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಅದಕ್ಕೇ ಬರೆದು ಕೊಡುತ್ತಿದ್ದೇನೆ. ನಾನು ಓದಿರುವುದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ ಕಡೆ ಮಗಳು ತಿದ್ದಿದ್ದಾಳೆ. ವಿಷಯ ತಿದ್ದುವುದಕ್ಕೆ ನಾನು ಬಿಟ್ಟಿಲ್ಲ.

ಈ ಕೆಲಸವನ್ನು ಮಂಡ್ಯದಲ್ಲಿ ನನ್ನ ಅತ್ತೆಯಿಂದ ಕಲಿತೆ. ತೊಂಬತ್ತರ ದಶಕದ ಕೊನೆಯಲ್ಲಿ ಮಗಳ ಬಾಣಂತನಕ್ಕೆಂದು ಆಸ್ಟಿನ್ನಿಗೆ ಬಂದವಳು ಇಲ್ಲೇ ಉಳಿದೆ. ಮಗಳ ಗೆಳತಿ ಕರೆದಳು, ಹೋದೆ. ಆ ಗೆಳತಿಯ ನಾದಿನಿ ಡಲ್ಲಾಸಿನಿಂದ ಕರೆದಳು, ಅಲ್ಲಿಗೂ ಹೋದೆ. ಆಮೇಲೆ ಹ್ಯೂಸ್ಟನ್. ಒಂದೊಂದು ಮನೆಯಲ್ಲಿ ನಲವತ್ತು ದಿನ, ಕೆಲವು ಕಡೆ ಮೂರು ತಿಂಗಳು. ಎಷ್ಟು ಮಕ್ಕಳಿಗೆ ನೀರು ಹಾಕಿದಿರಿ ಎಂದು ಕೇಳುತ್ತಾರೆ. ನಾನು ಎಣಿಸಲಿಲ್ಲ.

ಇಲ್ಲಿ ಬಚ್ಚಲುಮನೆ ಇಲ್ಲ, ಹಂಡೆ ಇಲ್ಲ. ಟಬ್ಬಿನೊಳಗೆ ಮಣೆ ಹಾಕಿ ಕೂರಬೇಕು. ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿಕೊಂಡು, ಕಾಲು ಚಾಚಿ, ಕಾಲ ಮೇಲೆ ಎಳೆಗೂಸನ್ನು ಬೋರಲು ಮಲಗಿಸಿಕೊಂಡು ಚೊಂಬಿನಿಂದ ಸುರಿಯಬೇಕು. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದಲ್ಲ, ಒಲೆ ಊದುವ ಪಾಡಿಲ್ಲ ಎಂದು ಮೊದಮೊದಲು ಖುಷಿಪಟ್ಟೆ. ಆದರೆ ಮನೆಮನೆಗೂ ಹೀಟರು ಬೇರೆ. ಒಂದು ಮನೆಯ ನೀರು ಕುದಿಯುವ ಹಾಗಿದ್ದರೆ ಇನ್ನೊಂದು ಮನೆಯಲ್ಲಿ ಎರಡು ಬಕೆಟ್ ತುಂಬುವಷ್ಟರಲ್ಲಿ ತಣ್ಣಗಾಗುತ್ತದೆ. ಹದ ನೋಡುವುದೇ ಕೆಲಸ. ತಿಕ್ಕುವುದು, ಸುರಿಯುವುದು, ಒರೆಸುವುದು ಯಾರಿಗೆ ಬೇಕಾದರೂ ಬರುತ್ತದೆ.

ನಮಗೆ ಮೇಲಧಿಕಾರಿಗಳು ಯಾರು ಎಂದು ನಿಮಗೆ ಗೊತ್ತಿರಲಿ. ಮಗುವಿನ ತಾಯಿ ಅಲ್ಲ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಫೋನು ಹಿಡಿದು ಕೂತಿರುವ ಅವಳ ಅತ್ತೆ. ಮಗುವಿನ ತಲೆ ಗುಂಡಗಾಗಿದೆಯೋ, ಮೂಗು ತಿದ್ದಿದಿರೋ, ಎಲ್ಲ ವರದಿ ಒಪ್ಪಿಸಬೇಕು. ಇನ್ನೊಂದು ಕಡೆ ಇಲ್ಲಿನ ಮಕ್ಕಳ ಡಾಕ್ಟರು. ಮೂಗಿಗೂ ಕಿವಿಗೂ ಎಣ್ಣೆ ಬಿಡಕೂಡದು ಅನ್ನುತ್ತಾರೆ. ಡಾಕ್ಟರ ಮಾತು ಕೇಳಿ. ನಾನು ಎರಡು ವರ್ಷ ಕೇಳಲಿಲ್ಲ, ಅದು ನನ್ನ ಹಟ. ಆಮೇಲೆ ಕೇಳಿದೆ. ಯಾವ ಮಗುವಿಗೂ ನಷ್ಟವಾಗಲಿಲ್ಲ.

ರಿಚರ್ಡ್‌ಸನ್ನಿನಲ್ಲಿ ಗಂಡ ಹೆಂಡತಿ ಇಬ್ಬರೂ ಓದುತ್ತಿದ್ದ ಒಂದು ಮನೆಗೆ ಹೋಗಿದ್ದೆ. ನೀರು ಹಾಕಿದ ಮೇಲೆ ಮಗುವಿನ ತಲೆ ಆರಿಸಲು ಸಾಂಬ್ರಾಣಿ ಹೊಗೆ ಕೊಟ್ಟೆ. ಹೊಗೆ ಕಂಡರೆ ಕೂಗಲೆಂದು ಚಾವಣಿಗೆ ಅಂಟಿಸಿದ್ದ ಬಿಲ್ಲೆಯೊಂದು ಕಿರುಚಿಕೊಂಡಿತು. ಅಪಾರ್ಟ್‌ಮೆಂಟಿನ ಜನವೆಲ್ಲ ಕೆಳಗಿಳಿದರು. ಬೆಂಕಿ ಆರಿಸುವ ಲಾರಿ ಬಂತು. ಬಾಗಿಲಿನಷ್ಟು ಎತ್ತರದ ಆಳೊಬ್ಬ ಒಳಗೆ ಬಂದು ಕೆಂಡದ ಬಟ್ಟಲು ನೋಡಿದ, ಮಗುವನ್ನು ನೋಡಿದ, ಏನೋ ಕೇಳಿದ.

"ಏನಂತಪ್ಪ?" ಎಂದು ಮಗುವಿನ ತಂದೆಯನ್ನು ಕೇಳಿದೆ.

"ಮಗೂನ ಸುಡ್ತಿದೀರಾ ಅಂತ ಕೇಳ್ತಿದಾನೆ ಅಜ್ಜಿ."

"ಇಲ್ಲ, ಒಣಗಿಸ್ತಿದೀನಿ ಅಂತ ಹೇಳು."

ಅವನು ಹೇಳಲಿಲ್ಲ. ಸಾಂಬ್ರಾಣಿ ಹಾಕುವುದನ್ನು ಅಂದೇ ಬಿಟ್ಟೆ. ನೀವೂ ಹಾಕಬೇಡಿ.

ಈಗ ಹ್ಯೂಸ್ಟನ್ನಿನ ಸಂಗತಿ. ಇದನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ಆ ಮನೆಯ ಹುಡುಗಿ ಶೈಲಾ, ಧಾರವಾಡದವಳು. ಮಗುವಿಗೆ ಇಪ್ಪತ್ತು ದಿನ. ಬಕೆಟ್ಟಿಗೆ ಕೈ ಹಾಕಿ ನೋಡಿದೆ. ಉಗುರುಬೆಚ್ಚಗಿದೆ ಅನ್ನಿಸಿತು. ಬೆನ್ನಿಗೆ ಒಂದು ಚೊಂಬು ಸುರಿದೆ. ಮಗು ಕಿರುಚಿದ ರೀತಿ ಬೇರೆಯಾಗಿತ್ತು. ಎಷ್ಟೋ ಮಕ್ಕಳ ಅಳು ಕೇಳಿದ ಕಿವಿ ಇದು, ತಿಳಿಯದೆ ಇರುತ್ತದೆಯೇ? ತಟ್ಟನೆ ಎತ್ತಿಕೊಂಡೆ. ನಲ್ಲಿಯ ತಣ್ಣೀರು ಬಿಟ್ಟೆ. ಬೆನ್ನು ದಾಸವಾಳದ ಹಾಗಾಗಿತ್ತು.

ಶೈಲಾ ಓಡಿಬಂದಳು. "ಅಜ್ಜಿ, ಬೆನ್ನ್ಯಾಕ ಇಷ್ಟ ಕೆಂಪಾಗೇತ್ರಿ?"

"ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿದೆನಲ್ಲ, ಅದಕ್ಕೆ."

ಅವಳು ನಂಬಿದಳು. ಸಂಜೆಯ ಹೊತ್ತಿಗೆ ಕೆಂಪು ಇಳಿಯಿತು, ಬೊಬ್ಬೆ ಏಳಲಿಲ್ಲ. ಮಗುವಿನ ಪುಣ್ಯ, ನನ್ನದಲ್ಲ. ಆ ಬಕೆಟ್ಟಿನ ನೀರಿಗೆ ಮತ್ತೆ ಕೈ ಹಾಕಿ ನೋಡಿದ್ದೆ. ಆಗಲೂ ಉಗುರುಬೆಚ್ಚಗೇ ಇತ್ತು. ನನ್ನ ಕೈಗೆ ಏನಾಗಿದೆ ಎಂದು ಅಲ್ಲೇ ಗೊತ್ತಾಯಿತು. ಗೊತ್ತಾದದ್ದನ್ನು ನುಂಗಿಕೊಂಡೆ. ಅಲ್ಲಿಂದ ಮುಂದೆ ಹೋದ ಮನೆಗಳಲ್ಲಿ ಅಂದಾಜಿಗಿಂತ ತಣ್ಣಗೆ ನೀರು ಬೆರೆಸಿ ಹೇಗೋ ದಾಟಿಸಿದೆ. ಕೆಲಸ ಹೋದರೆ ನಾನು ಯಾರು? ಮಗಳ ಮನೆಯಲ್ಲಿ ಟಿವಿ ಮುಂದೆ ಕೂರುವ ಮುದುಕಿ. ಅದು ನನಗೆ ಬೇಡವಾಗಿತ್ತು.

ಸೀಡರ್ ಪಾರ್ಕಿನ ವಿದ್ಯಾ ನನ್ನನ್ನು ಗೊತ್ತುಮಾಡಿಕೊಂಡಾಗ ಅವಳಿಗೆ ನಾಲ್ಕು ತಿಂಗಳು. ಅದಕ್ಕೆ ಮುಂಚೆ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಅವಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಗಂಡ ರಘು ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರು. ಅವನನ್ನು ಯಂತ್ರದ ಕೆಲಸ ಕಲಿಯಲು ಮೂರು ವಾರ ಜಪಾನಿಗೆ ಕಳಿಸಿದರು. ಅವಳನ್ನು ಒಬ್ಬಳೇ ಬಿಡುವಂತಿಲ್ಲ, ಅಲ್ಲಿಗೆ ಕರೆದುಕೊಂಡು ಹೋದರೂ ಹಗಲಲ್ಲಿ ಒಬ್ಬಳೇ. ಡಾಕ್ಟರು ಪ್ರಯಾಣ ಮಾಡಬಹುದು ಎಂದಮೇಲೆ ರಘು ನನ್ನನ್ನು ಕೇಳಿದ.

"ಅಜ್ಜಿ, ನೀವೂ ಬಂದುಬಿಡಿ. ಹೇಗೂ ಮುಂದೆ ಮಗೂನ ನೋಡ್ಕೊಳ್ಳೋರು ನೀವೇ ಅಲ್ವಾ?"

ಹೂಂ ಅಂದೆ. ಕೈಯ ವಿಷಯ ಹೇಳಲಿಲ್ಲ.

ಎರಡನೇ ವಾರದ ಕೊನೆಗೆ ರಘು ನಮ್ಮನ್ನು ಬೆಟ್ಟದ ಮೇಲಿನ ಒಂದು ಬಿಸಿನೀರಿನ ಊರಿಗೆ ಕರೆದೊಯ್ದ. ರೈಲು, ಆಮೇಲೆ ಬಸ್ಸು. ಊರು ಬರುವ ಮೊದಲೇ ವಾಸನೆ ಬಂತು.

"ಯಾರ ಮನೇಲೋ ಮೊಟ್ಟೆ ಕೊಳೆತಿದೆ ಕಣೇ" ಅಂದೆ.

"ಗಂಧಕ ಅಜ್ಜಿ. ನೀರಿನ ವಾಸನೆ. ಇಡೀ ಊರೇ ಹೀಗೆ."

ಬಸ್ಸಿಳಿದವಳು ನಿಂತಲ್ಲೇ ನಿಂತೆ. ನಿಮಗೆ ಹೇಗೆ ಹೇಳಲಿ? ಊರಿನ ನಡುಮಧ್ಯೆ ನೆಲದಿಂದ ನೀರು ಕುದಿಯುತ್ತಾ ಬರುತ್ತದೆ. ಕಟ್ಟಿಗೆ ಹಚ್ಚಿದವರಿಲ್ಲ, ಒಲೆ ಊದಿದವರಿಲ್ಲ. ಗದ್ದೆಗೆ ಕಾಲುವೆ ಮಾಡಿದ ಹಾಗೆ ಮರದ ದೋಣಿಗಳನ್ನು ಮಾಡಿ ಆ ನೀರನ್ನು ಹಾಯಿಸಿದ್ದಾರೆ. ಚರಂಡಿಯಿಂದಲೂ ಹಬೆ ಏಳುತ್ತದೆ. ಸಂಜೆ ಬೆಳಕಿನಲ್ಲಿ ಹಬೆಯೊಳಗಿಂದ ಜನ ಹತ್ತಿಯ ನಿಲುವಂಗಿ ತೊಟ್ಟು, ಮರದ ಹಾವುಗೆ ಮೆಟ್ಟಿ, ಹೆಗಲ ಮೇಲೆ ಪುಟ್ಟ ಟವೆಲ್ಲು ಹಾಕಿಕೊಂಡು ಬರುತ್ತಾರೆ. ಊರಿಗೆ ಊರೇ ಸ್ನಾನಕ್ಕೆ ಹೊರಟಿದೆ. ಹುಟ್ಟಿದಾಗಿನಿಂದ ಬಿಸಿನೀರಿನ ಜೊತೆ ಬಾಳಿದವಳು ನಾನು. ನೀರು ಕಾಯಿಸುವುದು ಹೆಂಗಸರ ಕೆಲಸ ಎಂದುಕೊಂಡಿದ್ದೆ. ಇಲ್ಲಿ ಭೂಮಿಯೇ ಆ ಕೆಲಸ ಮಾಡುತ್ತಿತ್ತು. ಕೈ ತಾನಾಗಿ ಮುಗಿಯಿತು. ಪಕ್ಕದಲ್ಲಿ ಒಂದು ಪುಟ್ಟ ಗುಡಿಯೂ ಇತ್ತು. ಯಾವ ದೇವರೋ ತಿಳಿಯದು. ನಾನು ಮುಗಿದದ್ದು ನೀರಿಗೆ.

ಇಳಿದುಕೊಂಡದ್ದು ಚಾಪೆ ಹಾಸಿನ ಒಂದು ಹಳೆಯ ವಸತಿಗೃಹದಲ್ಲಿ. ಅದನ್ನು ನಡೆಸುತ್ತಿದ್ದವರು ನನ್ನ ವಯಸ್ಸಿನ ಒಬ್ಬ ಅತ್ತೆ ಮತ್ತು ಐವತ್ತು ದಾಟಿದ ಅವಳ ಸೊಸೆ. ಸೊಸೆಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಅತ್ತೆಗೆ ನನ್ನಷ್ಟೇ, ಅಂದರೆ ಏನೂ ಇಲ್ಲ. ಹೆಂಗಸರ ಸ್ನಾನದ ಕೊಳ ಹಿಂಭಾಗದಲ್ಲಿತ್ತು. ಬಸುರಿ ಅಷ್ಟು ಬಿಸಿನೀರಿಗೆ ಇಳಿಯಕೂಡದು ಎಂದು ವಿದ್ಯಾಳಿಗೆ ನಾನು ಮೊದಲೇ ಕಟ್ಟಪ್ಪಣೆ ಮಾಡಿದ್ದೆ. ಅವಳು ಕೊಳದ ಅಂಚಿನಲ್ಲಿ ಮಣೆಯ ಮೇಲೆ ಕೂತು, ಮರದ ತೊಟ್ಟಿಯಲ್ಲಿ ಕಾಲು ಬಿಟ್ಟುಕೊಂಡಳು.

ಅಲ್ಲಿ ಬಟ್ಟೆ ಇಲ್ಲದೆ ಇಳಿಯಬೇಕು. ಎಷ್ಟೋ ಹೆಂಗಸರ ಬರಿಮೈ ತಿಕ್ಕಿದವಳು ನಾನು. ನನ್ನ ಬರಿಮೈಯನ್ನು ಯಾರಿಗೂ ತೋರಿಸಿದವಳಲ್ಲ. ಸೀರೆ ಬಿಚ್ಚುವುದಕ್ಕೆ ಬಹಳ ಹೊತ್ತಾಯಿತು.

ಅಲ್ಲಿ ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಎಣ್ಣೆ ಹಚ್ಚದೆ ಬಿಸಿನೀರು ಮೈಗೆ ಹಾಕಿಕೊಳ್ಳುವುದೆಂದರೆ ನಮಗೆ ಅದು ಸ್ನಾನವಲ್ಲ. ಇಂಥ ನೀರು ಸಿಕ್ಕಿರುವಾಗ ಅರೆಬರೆ ಯಾಕೆಂದು ಚೀಲದಲ್ಲಿದ್ದ ಕೊಬ್ಬರಿ ಎಣ್ಣೆಯನ್ನು ನೆತ್ತಿಯಿಂದ ಅಂಗಾಲಿನವರೆಗೆ ತಿಕ್ಕಿಕೊಂಡು ಸೀದಾ ಕೊಳಕ್ಕೆ ಇಳಿದೆ. ಆಹಾ ಅನ್ನುವಷ್ಟರಲ್ಲಿ ಎಣ್ಣೆ ನೀರಿನ ಮೇಲೆ ಹರಡಿತು. ದೀಪದ ಬೆಳಕಿಗೆ ಬಣ್ಣಬಣ್ಣವಾಗಿ ಹೊಳೆಯಿತು. ಕೊಳದಲ್ಲಿದ್ದ ಇಬ್ಬರು ಹೆಂಗಸರು ಮಾತಿಲ್ಲದೆ ಎದ್ದುಹೋದರು.

"ಅಜ್ಜಿ, ಏನ್ಮಾಡಿದ್ರಿ! ಮೊದ್ಲು ಆಚೆ ಸೋಪು ಹಾಕ್ಕೊಂಡು ತೊಳ್ಕೊಂಡು ಆಮೇಲೆ ಇಳೀಬೇಕಂತೆ" ಎಂದು ವಿದ್ಯಾ ಹಣೆ ಚಚ್ಚಿಕೊಂಡಳು.

"ಈಗ ಹೇಳ್ತೀಯಲ್ಲೇ, ಎಣ್ಣೆ ಹಚ್ಕೊಳ್ಳುವಾಗ ಬಾಯಲ್ಲಿ ಕಡುಬಿತ್ತಾ?"

ಮುದುಕಿ ಅತ್ತೆ ಬಂದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಕೈ ಹಿಡಿದು ಮೇಲೆತ್ತಿ, ಗಿಡ್ಡ ಮಣೆಯ ಮೇಲೆ ಕೂರಿಸಿದಳು. ಸೋಪು ಹಚ್ಚಿ ಮೂರು ಸಲ ತಿಕ್ಕಿದಳು. ಬೆನ್ನು, ತೋಳು, ಕಿವಿಯ ಹಿಂದೆ. ನಾನೇ ಬಾಣಂತಿಯಾಗಿದ್ದ ಕಾಲ ಕಳೆದ ಮೇಲೆ ಇನ್ನೊಬ್ಬರು ನನಗೆ ನೀರು ಹಾಕಿದ್ದು ಅದೇ. ಬಲ್ಲ ಕೈ ಎಂದು ಮೊದಲ ತಿಕ್ಕಿಗೇ ತಿಳಿಯಿತು. ಅಷ್ಟರಲ್ಲಿ ಸೊಸೆ ಕೊಳದ ಅಡಿಯ ಬೆಣೆ ಕಿತ್ತಳು. ನನ್ನ ಎಣ್ಣೆಯಿಂದಾಗಿ ಇಡೀ ಕೊಳ ಖಾಲಿಯಾಯಿತು. ಹೊರಗೆ ನಾಲ್ಕು ಜನ ಹೆಂಗಸರು ಕಾಯುತ್ತಿದ್ದರು. ನಾಚಿಕೆಯಿಂದ ಕೂತಿರಲಾಗಲಿಲ್ಲ. ಅಂಚಿಗೆ ಅಂಟಿದ್ದ ಜಿಡ್ಡನ್ನಾದರೂ ತೊಳೆಯೋಣ ಎಂದು ಬಿದಿರಿನ ದೋಣಿಯಿಂದ ಬೀಳುತ್ತಿದ್ದ ನೀರಿಗೆ ಬೊಗಸೆ ಒಡ್ಡಿದೆ.

ಮುದುಕಿ ಕಿರುಚಿ ನನ್ನ ಕೈಗಳನ್ನು ಎಳೆದಳು. ಅದು ನೆಲದಿಂದ ಬರುವ ಮೂಲದ ನೀರಂತೆ. ಮಣಿಕಟ್ಟಿನವರೆಗೆ ಕೈ ಕೆಂಪಾಗಿತ್ತು.

"ಅಜ್ಜಿ! ಸುಡ್ಲಿಲ್ವಾ ನಿಮಗೆ?"

"ಅಷ್ಟೇನಿಲ್ಲ ಬಿಡೆ. ಅಭ್ಯಾಸ."

ಮುದುಕಿ ನನ್ನ ಕೈಗಳನ್ನು ತಣ್ಣೀರಿನಲ್ಲಿ ಅದ್ದಿ ಹಿಡಿದಳು. ಆಮೇಲೆ ಅಂಗೈ ತಿರುಗಿಸಿ ಉಗುರಿನಿಂದ ಅಲ್ಲಲ್ಲಿ ಚುಚ್ಚಿದಳು, ನನ್ನ ಮುಖ ನೋಡಿದಳು. ಸೊಸೆಗೆ ಏನೋ ಹೇಳಿದಳು. ಸೊಸೆ ವಿದ್ಯಾಳಿಗೆ ಇಂಗ್ಲಿಷಿನಲ್ಲಿ ಹೇಳಿದಳು. ವಿದ್ಯಾ ನನ್ನ ಕಡೆ ನೋಡಿದಳು.

"ಏನಂತೆ?"

"ಏನಿಲ್ಲ ಅಜ್ಜಿ. ಮುಲಾಮು ಹಚ್ಬೇಕಂತೆ."

ಬೆಳಿಗ್ಗೆ ಎದ್ದು ಕೊಳದ ಹತ್ತಿರ ಹೋದೆವು. ತುಂಬಿದ ಕೊಳದ ಪಕ್ಕ ಮುದುಕಿ ಆಳೆತ್ತರದ ಹಲಗೆಯೊಂದನ್ನು ಹಿಡಿದು ನಿಂತಿದ್ದಳು. ಹಲಗೆಯನ್ನು ನೀರಿಗಿಳಿಸಿ ಎಡಕ್ಕೆ ಬಲಕ್ಕೆ ಹೊರಳಿಸುತ್ತಾ, ಅದರ ಲಯಕ್ಕೆ ತಕ್ಕ ಹಾಗೆ ಗುನುಗುತ್ತಾ ನೀರನ್ನು ಕಲಕುತ್ತಿದ್ದಳು. ತಣ್ಣೀರು ಬೆರೆಸಿದರೆ ನೀರಿನ ಗುಣ ಕೆಡುತ್ತದೆಯಂತೆ. ಅದಕ್ಕೆ ಕಲಕಿ ಕಲಕಿಯೇ ಬಿಸಿ ಇಳಿಸುತ್ತಾರೆ. ಅಷ್ಟು ದೊಡ್ಡ ಕೊಳದ ಬಿಸಿಯನ್ನು ಒಂದು ಹಲಗೆಯಿಂದ! ನಾನು ಬಾಯಿ ತೆರೆದು ನೋಡಿದೆ. ಜನ್ಮವಿಡೀ ತಣ್ಣೀರು ಸುರಿದು ಹದ ಮಾಡಿದವಳಿಗೆ ಇಂಥದೊಂದು ತಾಳ್ಮೆ ಲೋಕದಲ್ಲಿದೆ ಎಂದೇ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ಕಲಕಿ ಮುದುಕಿ ನಿಂತಳು. ಸೊಸೆ ಬಾಗಿ ತೋಳನ್ನು ಮೊಣಕೈವರೆಗೆ ನೀರಿಗೆ ಬಿಟ್ಟು ಒಂದು ಮಾತು ಹೇಳಿದಳು. ಮುದುಕಿ ಮತ್ತೆ ಹಲಗೆ ಎತ್ತಿಕೊಂಡಳು. ಹೀಗೆ ಮೂರು ಸಲ. ಮೂರನೇ ಸಲ ಸೊಸೆ ತಲೆಯಾಡಿಸಿದಳು, ಮುದುಕಿ ಹಲಗೆಯನ್ನು ಗೋಡೆಗೆ ಒರಗಿಸಿದಳು.

ನನಗೆ ತಡೆಯಲಾಗಲಿಲ್ಲ. "ಕೇಳೇ ವಿದ್ಯಾ, ಇಷ್ಟು ವರ್ಷದ ಕೆಲಸದೋಳು, ಹದ ತಾನೇ ನೋಡಬಾರದಾ? ಸೊಸೆ ಯಾಕೆ ನೋಡಬೇಕು?"

ವಿದ್ಯಾ ಸೊಸೆಯ ಮೂಲಕ ಕೇಳಿದಳು. ಮುದುಕಿ ಜೋರಾಗಿ ನಕ್ಕು, ಸ್ನಾನಕ್ಕೆಂದು ಬಂದು ನಿಂತಿದ್ದ ಹೆಂಗಸರ ಎದುರಿಗೇ ಎರಡೂ ಅಂಗೈ ಎತ್ತಿ ತೋರಿಸುತ್ತಾ ಏನೋ ಹೇಳಿದಳು. ಅಂಗೈ ಒರಳಿನ ಒಳಮೈಯ ಹಾಗೆ ಸವೆದು ನುಣ್ಣಗಾಗಿತ್ತು. ಸೊಸೆ ಅದನ್ನು ಇಂಗ್ಲಿಷಿಗೆ ಮಾಡಿದಳು. ವಿದ್ಯಾ ನೆಲ ನೋಡುತ್ತಾ ಕನ್ನಡದಲ್ಲಿ ಹೇಳಿದಳು:

"ನನ್ನ ಕೈ ಹೋಗಿ ಬಹಳ ವರ್ಷ ಆಯ್ತು ಅಂತಾರೆ ಅಜ್ಜಿ. ಬಿಸಿ ತಣ್ಣಗೆ ಗೊತ್ತಾಗಲ್ವಂತೆ. ಕಲಕೋದು ನಾನು, ಹದ ಹೇಳೋದು ಸೊಸೆ, ಅಂತಾರೆ." ಒಂದು ಕ್ಷಣ ತಡೆದಳು. "ನಿಮ್ಮಜ್ಜಿ ಕೈನೂ ಹೋಗಿದೆ ಅಂತ ನಿನ್ನೇನೇ ಹೇಳಿದ್ರು. ನಾನೇ ನಿಮಗೆ ಹೇಳಲಿಲ್ಲ."

ಕುದಿಯುವ ನೆಲವನ್ನು ನೋಡಿ ಬೆರಗಾಗಿದ್ದೆ ಎಂದು ಬರೆದೆನಲ್ಲ, ಅದು ದೊಡ್ಡದಲ್ಲ. ಒಬ್ಬ ಅತ್ತೆ, ಹತ್ತು ಜನರೆದುರು, ನನಗೆ ತಿಳಿಯುವುದಿಲ್ಲ ನನ್ನ ಸೊಸೆಗೆ ತಿಳಿಯುತ್ತದೆ ಎಂದು ಬಾಯಿಬಿಟ್ಟು ಹೇಳಿ ನಕ್ಕಳು. ಅವಳ ಕೆಲಸ ಹೋಗಿರಲಿಲ್ಲ, ಹಲಗೆ ಅವಳ ಕೈಯಲ್ಲೇ ಇತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

ವಾಪಸು ಬರುವ ಬಸ್ಸಿನಲ್ಲಿ ರಘು ನಿದ್ದೆಮಾಡುತ್ತಿದ್ದ. ವಿದ್ಯಾಳಿಗೆ ಹ್ಯೂಸ್ಟನ್ನಿನ ವಿಷಯ ಹೇಳಿದೆ. ಮಗುವಿನ ಬೆನ್ನು, ನಾನು ಹೇಳಿದ ಸುಳ್ಳು, ಎಲ್ಲ.

ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಅಂದ್ರೆ, ನಿಮಗೆ ಗೊತ್ತಿದ್ದೂ ನನಗೆ ಹೂಂ ಅಂದ್ರಾ?"

"ಹೂಂ."

"ಇಲ್ಲಿಗೆ ಬರದೆ ಇದ್ದಿದ್ರೆ?"

"ಹೇಳ್ತಿರಲಿಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಉಳಿದ ದಿನಗಳಲ್ಲಿ ಊಟ ಆಯಿತಾ, ಮಾತ್ರೆ ತಗೊಂಡೆಯಾ, ಇಷ್ಟೇ ಮಾತು. ಆಸ್ಟಿನ್ನಿನಲ್ಲಿ ನನ್ನನ್ನು ಮಗಳ ಮನೆಯ ಮುಂದೆ ಇಳಿಸಿ, ಬರ್ತೀವಿ ಅಜ್ಜಿ ಎಂದು ಹೋದವಳು ಐದು ತಿಂಗಳು ಫೋನು ಮಾಡಲಿಲ್ಲ. ಅವಳದೇನೂ ತಪ್ಪಿಲ್ಲ.

ಆ ಐದು ತಿಂಗಳಲ್ಲಿ ಎರಡು ಕೆಲಸ ಮಾಡಿದೆ. ಡಾಕ್ಟರಿಗೆ ಕೈ ತೋರಿಸಿದೆ. ಸಕ್ಕರೆ ಕಾಯಿಲೆಯಿಂದ ನರ ಸತ್ತಿದೆ ಎಂದರು. ನಾನು ಬಿಸಿನೀರಿನ ಅಭ್ಯಾಸ ಎಂದು ಹೆಮ್ಮೆಪಡುತ್ತಿದ್ದೆ. ನಿಮ್ಮ ಕೈಯನ್ನು ನೀವೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ. ಎರಡನೆಯದು, ಹ್ಯೂಸ್ಟನ್ನಿನ ಶೈಲಾಳಿಗೆ ಫೋನು ಮಾಡಿ ನಿಜ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಆವತ್ತ ಹೇಳಿದ್ರ ನಾನೂ ಒಂದ್ಸಲ ನೀರಾಗ ಕೈ ಹಾಕಿ ನೋಡ್ತಿದ್ದೆರಿ. ಆಮ್ಯಾಲೂ ಇಪ್ಪತ್ತ ದಿನ ನನ್ನ ಮಗೂಗ ನೀರ ಹಾಕೀರಿ ನೀವು" ಎಂದು ಫೋನು ಇಟ್ಟಳು. ಮತ್ತೆ ಅವಳು ನನ್ನೊಂದಿಗೆ ಮಾತಾಡಿಲ್ಲ.

ಕೆಲಸ ಮುಗಿಯಿತು ಎಂದು ಹರಳೆಣ್ಣೆ ಬಾಟಲಿಯನ್ನು ಮಗಳ ಅಡುಗೆಮನೆಯಲ್ಲಿ ಇಟ್ಟುಬಿಟ್ಟಿದ್ದೆ. ಒಂದು ಮಧ್ಯಾಹ್ನ ಫೋನು ಬಂತು.

"ಅಜ್ಜಿ, ಹೆಣ್ಣು ಮಗು. ನಿನ್ನೆ ಮನೆಗೆ ಬಂದ್ವಿ" ಅಂದಳು ವಿದ್ಯಾ. ಇಬ್ಬರೂ ಹುಷಾರಾಗಿದ್ದೀರಾ ಎಂದು ಕೇಳಿದೆ.

"ನನಗೆ ಇನ್ನೂ ಕೋಪ ಇದೆ."

"ಇರಲಿ."

"ಅಮ್ಮಂಗೆ ವೀಸಾ ಸಿಕ್ತು, ಬಂದಿದಾರೆ. ಆದರೆ ಮಗು ಎತ್ತೋಕೆ ಭಯ ಅಂತಾರೆ, ನನಗೂ ಭಯ. ಹೊಕ್ಕಳ ಬಳ್ಳಿ ಬಿದ್ದ ಮೇಲೆ ಬನ್ನಿ. ನೀರು ನಾನು ನೋಡ್ತೀನಿ. ನೀವು ನೋಡೋ ಹಾಗಿಲ್ಲ."

ಹೋದೆ. ಟಬ್ಬಿನೊಳಗೆ ಮಣೆ ಹಾಕಿ ಕೂತೆ. ಮಗುವಿನ ಮೈಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡೆ. ಕಾಲಿನಲ್ಲಿ ಇನ್ನೂ ಬಲವಿತ್ತು, ಮಗುವಿನ ಭಾರ ತಿಳಿಯುತ್ತಿತ್ತು. ವಿದ್ಯಾ ಬಕೆಟ್ಟಿನ ಪಕ್ಕ ಕೂತಳು. ಅವಳ ತಾಯಿ ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತರು.

ರೂಢಿಬಲದಿಂದ ನನ್ನ ಕೈ ಬಕೆಟ್ಟಿಗೆ ಹೋಗಿಬಿಟ್ಟಿತು. ಸರಿಯಾಗಿದೆ ಅನ್ನಿಸಿತು. ಆದರೂ ಕೈ ಹಿಂದಕ್ಕೆ ತೆಗೆದುಕೊಂಡೆ. ವಿದ್ಯಾ ಮೊಣಕೈ ಇಳಿಸಿದವಳೇ ಫಕ್ಕನೆ ಎಳೆದುಕೊಂಡಳು.

"ಸುಡ್ತಿದೆ ಅಜ್ಜಿ! ತುಂಬಾ ಬಿಸಿ."

ಅವಳು ಎರಡು ಚೊಂಬು ತಣ್ಣೀರು ಬೆರೆಸಿದಳು. ಮತ್ತೆ ನೋಡಿದಳು. ಇನ್ನೊಂದು ಚೊಂಬು. ಅವಳ ತಾಯಿಗೆ ಇದು ವಿಚಿತ್ರವಾಗಿ ಕಂಡಿತು.

"ಅಲ್ಲಾ, ಇವಳಿಗೇನ್ರೀ ಗೊತ್ತು? ನೀವು ಇಷ್ಟು ವರ್ಷದಿಂದ ಮಾಡ್ತಿರೋರು, ನೀವೇ ನೋಡಬಾರ್ದಾ?"

ವಿದ್ಯಾ ನನ್ನ ಮುಖ ನೋಡಿದಳು. ತಾಯಿಗೆ ಅವಳು ಏನೂ ಹೇಳಿರಲಿಲ್ಲ ಎಂದು ಆಗ ತಿಳಿಯಿತು. ಹೇಳುವ ಕೆಲಸವನ್ನು ನನಗೇ ಉಳಿಸಿದ್ದಳು.

"ನನಗೆ ಗೊತ್ತಾಗಲ್ಲ ಕಣ್ರೀ," ಅಂದೆ. "ನನ್ನ ಕೈ ಹೋಗಿದೆ. ನಿಮ್ಮ ಮಗಳಿಗೆ ಗೊತ್ತಾಗುತ್ತೆ."

ಆಕೆ ಟವೆಲ್ಲು ಹಿಡಿದವರು ಹಾಗೇ ನಿಂತರು. ಹೇಳಿದ ಮೇಲೆ ನನಗೇನೂ ಆಗಲಿಲ್ಲ. ಮಗು ನನ್ನ ಕಾಲ ಮೇಲೆಯೇ ಇತ್ತು.

ವಿದ್ಯಾ ಚೊಂಬು ತುಂಬಿ ಎತ್ತಿದಳು.

"ಅಷ್ಟು ಮೇಲಿಂದ ಬೇಡ," ಅಂದೆ. "ಕೆಳಗೆ ತಗೊ. ಸೊಂಟದ ಹತ್ತಿರದಿಂದ ಶುರುಮಾಡು. ಹಾಂ, ಸುರಿ."